ಬರೆಯುವುದು ನಿಂತ ಮೇಲೆ ಬರೆದದ್ದನ್ನು ಎಲ್ಲಿಡುವುದು?

ಹನ್ನೆರಡು ವರ್ಷ ಅಂತರ್ಜಾಲದಲ್ಲಿ ಬರೆದೆ, ನಿಲ್ಲಿಸಿದೆ. ಹೇಳಿಕೊಳ್ಳುವಂಥ ಕಾರಣವೇನೂ ಇಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆತ್ತಿತು. ಅದನ್ನು ರಿಪೇರಿಗೆ ಕೊಟ್ಟ ವಾರದಲ್ಲೇ ಮೊಬೈಲಿನ ಚಾರ್ಜಿಂಗ್ ಕಿಂಡಿ ಸಡಿಲವಾಯಿತು. ತಂತಿಯನ್ನು ಒಂದು ಕೋನದಲ್ಲಿ ಹಿಡಿದು ಅಲುಗದೆ ಕೂತರೆ ಮಾತ್ರ ಚಾರ್ಜ್ ಆಗುತ್ತಿತ್ತು. ಅಷ್ಟರಲ್ಲಿ ನಾನು ಬರೆಯುತ್ತಿದ್ದ ತಾಣ ತನ್ನ ಬರೆಯುವ ಪುಟವನ್ನೇ ಬದಲಿಸಿತು. ಎಲ್ಲ ಸರಿಹೋದ ಮೇಲೆ ನೋಡಿದರೆ ಬರೆಯುವ ಉಮೇದೇ ಇರಲಿಲ್ಲ.

ನಿಲ್ಲಿಸುವುದು ಸುಲಭ. ಒಂದು ದಿನ ಬರೆಯದಿದ್ದರಾಯಿತು, ಮರುದಿನ ಇನ್ನೂ ಸುಲಭ. ಬರೆದಿಟ್ಟದ್ದನ್ನು ಏನು ಮಾಡುವುದು ಎಂಬುದೇ ಕಷ್ಟ. ನಾನು ನಿಲ್ಲಿಸಿದ್ದು ಗೊತ್ತಾದ ಮೇಲೆ ಇದೇ ಇಕ್ಕಟ್ಟಿನಲ್ಲಿದ್ದ ಹಲವರು ಕೇಳತೊಡಗಿದರು: ಹಾರ್ಡ್ ಡಿಸ್ಕೋ, ಕ್ಲೌಡೋ? ಪುಸ್ತಕ ಮಾಡಿಸಿಬಿಡಲೇ? ಇದ್ದಲ್ಲೇ ಬಿಟ್ಟರೆ ಏನಾಗುತ್ತದೆ? ಬಹುತೇಕ ಎಲ್ಲರ ಪ್ರಶ್ನೆಯ ಕೊನೆ ಒಂದೇ ಆಗಿತ್ತು: ‘ಯಾವುದು ಹೆಚ್ಚು ಕಾಲ ಬಾಳುತ್ತದೆ?’

ಆ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನುಭವ. ಶಾಸನವನ್ನು ಕಲ್ಲಿನಲ್ಲಿ ಕೊರೆದವರು ಮತ್ತೆ ಅದರ ಕಡೆ ತಿರುಗಿ ನೋಡಬೇಕಾಗಿರಲಿಲ್ಲ. ತಾಳೆಗರಿಯಲ್ಲಿ ಬರೆದದ್ದು ಹಾಗಲ್ಲ. ಗರಿಗೆ ಹುಳು ಹಿಡಿಯುವ ಮೊದಲು ಯಾರೋ ಕೂತು ಇನ್ನೊಂದು ಗರಿಗೆ ಪ್ರತಿ ಮಾಡಬೇಕಿತ್ತು. ಪ್ರತಿ ಮಾಡುವವರಿದ್ದ ಕೃತಿಗಳು ಉಳಿದವು, ಇಲ್ಲದವು ಹೋದವು. ನಮ್ಮ ಯಂತ್ರಗಳಲ್ಲಿರುವುದೆಲ್ಲ ತಾಳೆಗರಿಯ ಜಾತಿಯೇ. ಹೀಗಾಗಿ ವಸ್ತು ಎಷ್ಟು ಗಟ್ಟಿ ಎಂದು ಕೇಳುವ ಮೊದಲು, ಅದಕ್ಕೆ ನೀವು ಎಷ್ಟು ಗಮನ ಕೊಡಬಲ್ಲಿರಿ ಎಂದು ಕೇಳಿಕೊಳ್ಳಬೇಕು. ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಬರೆಯುವುದನ್ನೇ ನಿಲ್ಲಿಸಿದವರು ನಾವು. ಆರು ತಿಂಗಳಿಗೊಮ್ಮೆ ಬ್ಯಾಕಪ್ ಪರೀಕ್ಷಿಸುತ್ತೇವೆ ಎಂದರೆ ನಂಬುವವರಾರು?

ತೂಗುವ ಮೊದಲು ತಕ್ಕಡಿ

ಮೊದಲ ಅಳತೆ ಈಗ ಹೇಳಿದ್ದೇ: ವರ್ಷಕ್ಕೆ ಎಷ್ಟು ಆರೈಕೆ ಬೇಡುತ್ತದೆ? ಎರಡನೆಯದು, ಕೀಲಿ ಯಾರ ಕೈಯಲ್ಲಿದೆ? ನಿಮ್ಮ ಬೀರುವಿನಲ್ಲಿರುವುದಕ್ಕೂ ಇನ್ನೊಬ್ಬರ ಸರ್ವರ್‌ನಲ್ಲಿರುವುದಕ್ಕೂ ವ್ಯತ್ಯಾಸವಿದೆ. ಮೂರನೆಯದು, ಕೆಡುವಾಗ ಹೇಳಿ ಕೆಡುತ್ತದೆಯೋ, ಹೇಳದೆ ಕೆಡುತ್ತದೆಯೋ? ಇದನ್ನು ಯಾರೂ ಕೇಳುವುದಿಲ್ಲ, ಆದರೆ ನನ್ನ ಮಟ್ಟಿಗೆ ಇದು ದೊಡ್ಡದು. ನಾಲ್ಕನೆಯದು ಖರ್ಚು. ಎಷ್ಟು ಎನ್ನುವುದಕ್ಕಿಂತ ಯಾವ ಬಗೆಯದು ಎಂಬುದು ಮುಖ್ಯ: ಒಮ್ಮೆ ಕೊಟ್ಟು ಮರೆಯುವುದೋ, ವರ್ಷವರ್ಷವೂ ಕಟ್ಟುತ್ತಿರಬೇಕಾದದ್ದೋ? ವಾರ್ಷಿಕ ಶುಲ್ಕ ಸಣ್ಣದಾದರೂ ಅದು ನೀವಿರುವವರೆಗಿನ ಶುಲ್ಕ, ಆಮೇಲೆ ಕಟ್ಟುವವರು ಯಾರು ಎಂಬ ಪ್ರಶ್ನೆಯೂ ಅದರೊಳಗೇ ಇದೆ. ಐದನೆಯದಾಗಿ, ಇದನ್ನು ಓದಬೇಕಾದವರು ಯಾರು? ಹೊರಗಿನ ಓದುಗರೇ, ಮನೆಯವರೇ, ಅಥವಾ ನೀವೊಬ್ಬರೇ? ಹೊರಗಿನವರು ಬೇಡ ಎಂದಾದರೆ ಅರ್ಧ ಕೆಲಸ ಈಗಲೇ ಮುಗಿಯಿತು.

ಇನ್ನೊಂದು ವಿಷಯವನ್ನು ಆಯ್ಕೆಗೆ ಕೂರುವ ಮೊದಲೇ ಬಗೆಹರಿಸಿಕೊಳ್ಳಬೇಕು. ಬರಹ ಬೇರೆ, ಚಿತ್ರ ಬೇರೆ. ಎಂಟುನೂರು ಬರಹಗಳು, ಒಂದೊಂದರಲ್ಲಿ ಐನೂರು ಪದ ಎಂದಿಟ್ಟುಕೊಳ್ಳಿ. ಒಟ್ಟು ನಾಲ್ಕು ಲಕ್ಷ ಪದ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಮಾನಕದ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಹಾಗಿದ್ದರೂ ಎಲ್ಲ ಸೇರಿ ಹತ್ತು ಎಂಬಿಯ ಆಸುಪಾಸು. ಇಂದಿನ ಮೊಬೈಲ್ ತೆಗೆಯುವ ಎರಡು ಮೂರು ಫೋಟೋಗಳಷ್ಟು! 1.44 ಎಂಬಿಯ ಹಳೆಯ ಫ್ಲಾಪಿಗಳಾದರೂ ಏಳೆಂಟು ಸಾಕಿತ್ತು. ಹನ್ನೆರಡು ವರ್ಷದ ಬದುಕು ಇಷ್ಟೇ ತೂಗುತ್ತದೆಂದು ಗೊತ್ತಾದಾಗ ನನಗೆ ತುಸು ಅವಮಾನವಾಯಿತು, ಆಮೇಲೆ ಸಮಾಧಾನವೂ ಆಯಿತು. ಬರಹವನ್ನು ಐದು ಕಡೆ ಇಟ್ಟರೂ ಜಾಗದ ಖರ್ಚು ಇಲ್ಲವೆಂದೇ ಹೇಳಬೇಕು. ಜಾಗ ತಿನ್ನುವುದು ಚಿತ್ರ ಮತ್ತು ವಿಡಿಯೊ. ಇವೆರಡನ್ನೂ ಒಂದೇ ಗಂಟು ಕಟ್ಟಿ ‘ಒಂದು ಟಿಬಿ ಬೇಕು’ ಎಂದು ಚಿಂತಿಸುತ್ತ ಕೂರುವವರೇ ಹೆಚ್ಚು.

ಯಾವ ರೂಪದಲ್ಲಿ ಇಡುತ್ತೀರಿ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತಗಳು ನಿಮ್ಮಲ್ಲಿದ್ದರೆ ಅವನ್ನು ಒಮ್ಮೆ ತೆರೆದು ನೋಡಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡದ ಬದಲು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಅಂಥ ಕಡತ ಇಪ್ಪತ್ತು ವರ್ಷ ಭದ್ರವಾಗಿದ್ದೂ ಪ್ರಯೋಜನವಿಲ್ಲ. ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಾರೆ ನೋಡಿ, ಆಮೇಲೆ ಇಡಿ. ಪಿಡಿಎಫ್ ನೋಟಕ್ಕೆ ಚೆಂದ. ದೀರ್ಘಕಾಲ ಕಾಯ್ದಿಡಲೆಂದೇ ಪಿಡಿಎಫ್/ಎ ಎಂಬ ರೂಪ 2005ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒದ ಮಾನಕವೂ ಆಗಿದೆ. ಆದರೆ ಪಿಡಿಎಫ್‌ನಿಂದ ಕನ್ನಡವನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಅಕ್ಷರಗಳು ಸ್ಥಾನಪಲ್ಲಟವಾಗುವುದು ಸಾಮಾನ್ಯ. ಅದಕ್ಕೇ ಪಿಡಿಎಫ್ ಜೊತೆಗೆ ಸಾದಾ ಪಠ್ಯದ ಅಥವಾ ಜಾಲಪುಟಗಳ ರೂಪವಾದ ಎಚ್‌ಟಿಎಂಎಲ್‌ನ ಪ್ರತಿಯೂ ಇರಲಿ. ಬರೆಯುವ ತಾಣಗಳು ಬರಹಗಳನ್ನು ಒಟ್ಟಿಗೆ ಇಳಿಸಿಕೊಳ್ಳಲು ಕೊಡುವ ರಫ್ತು ಕಡತವನ್ನೂ ಬಿಡಿಸಿ ನೋಡಿ. ಎಷ್ಟೋ ಸಲ ಅದರಲ್ಲಿ ಪಠ್ಯ ಮಾತ್ರ ಇರುತ್ತದೆ. ಚಿತ್ರಗಳ ಜಾಗದಲ್ಲಿ ಅವುಗಳ ವಿಳಾಸ ಇರುತ್ತದೆ. ತಾಣ ಮುಚ್ಚಿದ ದಿನ ಆ ವಿಳಾಸಗಳೂ ಸತ್ತಂತೆ.

ಇದ್ದಲ್ಲೇ ಬಿಡುವುದು

ಏನೂ ಮಾಡದಿರುವುದೂ ಒಂದು ಆಯ್ಕೆಯೇ, ಅತಿ ಹೆಚ್ಚು ಜನ ಆರಿಸಿಕೊಳ್ಳುವುದೂ ಅದನ್ನೇ. ಖರ್ಚಿಲ್ಲ, ಆರೈಕೆಯಿಲ್ಲ, ಓದುಗರಿಗೆ ಬಾಗಿಲು ತೆರೆದೇ ಇರುತ್ತದೆ. ತೊಂದರೆ ಇರುವುದು ಕೀಲಿಯಲ್ಲಿ. 1994ರಲ್ಲಿ ಹುಟ್ಟಿ ಲಕ್ಷಾಂತರ ಜನರ ಸ್ವಂತ ಪುಟಗಳನ್ನು ಹೊತ್ತಿದ್ದ ಜಿಯೋಸಿಟೀಸನ್ನು ಯಾಹೂ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಬ್ಲಾಗ್ ತಾಣ ಪೋಸ್ಟರಸ್ 2013ರಲ್ಲಿ ಹೋಯಿತು. ಸಾಮಾನ್ಯ ಬಳಕೆದಾರರ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಮುಚ್ಚುವ ಮೊದಲು ಇವರೆಲ್ಲ ಸೂಚನೆ ಕೊಟ್ಟಿದ್ದರು ನಿಜ. ಆದರೆ ಬರೆಯುವುದನ್ನು ಬಿಟ್ಟವರು ಆ ಮಿಂಚಂಚೆಯನ್ನು ನೋಡುತ್ತಿದ್ದರೇ?

ಕಂಪನಿ ಗಟ್ಟಿಯಾಗಿದ್ದರೂ ನಿಮ್ಮ ಖಾತೆ ಗಟ್ಟಿಯಾಗಿರಬೇಕು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂಬ ನೀತಿಯನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಹಾಗಾಗಿ ‘ಏನೂ ಮಾಡದಿರುವುದು’ ಎಂದರೂ ಆಗಾಗ ಲಾಗಿನ್ ಆಗುವಷ್ಟು ಕೆಲಸ ಉಳಿದೇ ಇರುತ್ತದೆ.

ಜಾಲಪುಟಗಳ ಪ್ರತಿ ತೆಗೆದಿಡುವ ಇಂಟರ್ನೆಟ್ ಆರ್ಕೈವ್ ಇದೆಯಲ್ಲ ಎನ್ನಬಹುದು. ಇದೆ, 1996ರಿಂದ ಇದೆ. ಆ ಪ್ರತಿಗಳನ್ನು ತೋರಿಸುವ ಅದರ ವೇಬ್ಯಾಕ್ ಮಷೀನ್ 2001ರಿಂದ ಸಾರ್ವಜನಿಕರಿಗೆ ತೆರೆದಿದೆ. ಯಾವುದೇ ಸಾರ್ವಜನಿಕ ಪುಟದ ವಿಳಾಸ ಕೊಟ್ಟು ‘ಈಗಲೇ ಉಳಿಸು’ ಎಂದು ಕೇಳುವ ಸೌಲಭ್ಯ ಅಲ್ಲಿದೆ, ಪುಕ್ಕಟೆ. ನಿಮಗೆ ಮುಖ್ಯವೆನಿಸಿದ ಐವತ್ತು ಪುಟಗಳನ್ನು ಒಂದು ಸಂಜೆ ಕೂತು ಅಲ್ಲಿ ಸೇರಿಸಿಬಿಡಿ, ಇದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಅದೊಂದನ್ನೇ ನಂಬಬೇಡಿ. ಎಲ್ಲ ಪುಟವೂ ಎಲ್ಲ ಚಿತ್ರವೂ ಅದರಲ್ಲಿ ಸೆರೆಯಾಗಿರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ದಾಳಿಗೆ ಸಿಕ್ಕಿ ಆ ತಾಣವೇ ಹಲವು ದಿನ ಬಾಗಿಲು ಹಾಕಿತ್ತು.

ಸ್ವಂತ ಹೆಸರಿನ ತಾಣ ಇಟ್ಟುಕೊಂಡಿರುವವರ ಕಥೆ ಸ್ವಲ್ಪ ಬೇರೆ. ಅಲ್ಲಿ ಎರಡು ಬಾಡಿಗೆಗಳಿವೆ: ಹೆಸರಿಗೊಂದು, ಜಾಗಕ್ಕೊಂದು. ಜಾಗದ ಬಾಡಿಗೆಯನ್ನು ಬಹುಮಟ್ಟಿಗೆ ಇಳಿಸಬಹುದು. ದತ್ತಸಂಚಯ (ಡೇಟಾಬೇಸ್), ಪ್ಲಗಿನ್ನು (ತಾಣಕ್ಕೆ ಸೇರಿಸಿದ ಚಿಕ್ಕ ತಂತ್ರಾಂಶ) ಎಲ್ಲ ಕಿತ್ತುಹಾಕಿ ಬರಹಗಳನ್ನು ಸಾದಾ ಎಚ್‌ಟಿಎಂಎಲ್ ಪುಟಗಳಾಗಿ ಮಾಡಿಬಿಟ್ಟರೆ ನವೀಕರಣದ ಕಾಟವೂ ತಪ್ಪುತ್ತದೆ, ಹಳೆಯ ಪ್ಲಗಿನ್ನಿನ ಬಿರುಕಿನಿಂದ ಕಳ್ಳರು ನುಗ್ಗುವ ಭಯವೂ ತಪ್ಪುತ್ತದೆ. ಅಂಥ ಪುಟಗಳನ್ನು ಉಚಿತವಾಗಿ ಇಟ್ಟುಕೊಡುವ ಸೇವೆಗಳೂ ಇವೆ. ಆದರೆ ಹೆಸರಿನ ಬಾಡಿಗೆ ಮಾತ್ರ ತಪ್ಪುವುದಿಲ್ಲ. ಒಂದು ವರ್ಷ ಮರೆತರೆ ಆ ಹೆಸರನ್ನು ಬೇರೆಯವರು ಕೊಳ್ಳಬಹುದು. ನನ್ನ ಪರಿಚಯದವರೊಬ್ಬರು ಮಕ್ಕಳಿಗಾಗಿ ಬರೆದ ಕಥೆಗಳಿದ್ದ ವಿಳಾಸದಲ್ಲಿ ಈಗ ಜೂಜಿನ ಜಾಹೀರಾತು ಕುಣಿಯುತ್ತದೆ. ಹಳೆಯ ಕೊಂಡಿ ಒತ್ತಿದವರಿಗೆಲ್ಲ ಅವರು ವಿವರಣೆ ಕೊಡುತ್ತಿದ್ದಾರೆ.

ಓದುಗರು ಇನ್ನೂ ಬರುತ್ತಿದ್ದಾರೆ, ವರ್ಷಕ್ಕೊಮ್ಮೆ ಹಣ ಕಟ್ಟುವ ಶಿಸ್ತು ನಿಮಗಿದೆ ಎಂದಾದರೆ ಇದು ಒಳ್ಳೆಯ ದಾರಿ. ಇಲ್ಲವಾದರೆ ಉಚಿತ ತಾಣದಲ್ಲೇ ಬಿಟ್ಟು, ಮನೆಯಲ್ಲೊಂದು ಪ್ರತಿ ತೆಗೆದಿಟ್ಟುಕೊಳ್ಳುವುದು ಮೇಲು.

ಕ್ಲೌಡ್

ಕ್ಲೌಡ್ ಎಂದರೆ ಬ್ಯಾಕಪ್ ಎಂದು ಬಹಳ ಜನ ತಿಳಿದಿದ್ದಾರೆ. ಬಹುಪಾಲು ಅದು ಸಿಂಕ್, ಅಂದರೆ ಕನ್ನಡಿ. ಮೊಬೈಲಿನಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿ ಮೂವತ್ತು ದಿನ ಕಾಯುತ್ತದೆ, ಆಮೇಲೆ ಖಾಲಿ. ಜಾಗ ತುಂಬಿತೆಂದು ಮೊಬೈಲಿನ ಚಿತ್ರಗಳನ್ನು ಅಳಿಸಿ, ‘ಕ್ಲೌಡ್‌ನಲ್ಲಿ ಇದೆಯಲ್ಲ’ ಎಂದು ನಿಶ್ಚಿಂತರಾಗಿದ್ದು, ನಲವತ್ತನೆಯ ದಿನ ಎಚ್ಚರಗೊಂಡವರು ಕಡಿಮೆಯೇನಿಲ್ಲ.

ಆದರೂ ಯಂತ್ರ ಕೆಡುವುದು, ಕಳೆಯುವುದು, ನೀರಿಗೆ ಬೀಳುವುದು, ಕಳ್ಳತನವಾಗುವುದು ಇವಿಷ್ಟಕ್ಕೆ ಕ್ಲೌಡಿಗೆ ಸಮನಾದದ್ದು ಬೇರೊಂದಿಲ್ಲ. ಬಿಡಿಭಾಗ ಕೆಟ್ಟರೆ ಬದಲಿಸುವ ಚಿಂತೆ ಅವರದು. ಕೆಟ್ಟ ಸುದ್ದಿ ನಿಮ್ಮವರೆಗೆ ಬರುವುದೂ ಇಲ್ಲ. ಪ್ರಶ್ನೆ ಬೀಗದ್ದು. ನನ್ನ ಮೊಬೈಲ್ ಸತ್ತಾಗ ಆದದ್ದು ಇದೇ. ಹೊಸ ಲ್ಯಾಪ್‌ಟಾಪಿನಿಂದ ಖಾತೆ ತೆರೆಯಲು ಹೋದರೆ, ಅದು ದೃಢೀಕರಣದ ಸಂಕೇತವನ್ನು ಸತ್ತ ಮೊಬೈಲಿಗೇ ಕಳಿಸಿತು. ಪರ್ಯಾಯವಾಗಿ ಕೊಟ್ಟಿದ್ದ ನಂಬರು ಎಂದೋ ಬಿಟ್ಟುಹೋದದ್ದು. ಗುಪ್ತಪದ ಸರಿ, ಮನುಷ್ಯ ಸರಿ, ಬರಹಗಳೂ ಅಲ್ಲೇ ಇವೆ, ಒಳಗೆ ಹೋಗುವಂತಿಲ್ಲ. ಹದಿನೇಳು ದಿನ ಹೊಸಿಲಾಚೆ ನಿಂತಿದ್ದೆ. ಕೊನೆಗೆ ರಿಪೇರಿಯವನು ಹಳೆಯ ಮೊಬೈಲಿಗೆ ಹೊಸ ಕಿಂಡಿ ಕೂರಿಸಿ ಒಂದು ಗಂಟೆ ಜೀವ ಬರಿಸಿದ್ದರಿಂದ ಬಾಗಿಲು ತೆರೆಯಿತು. ಎರಡು ಹಂತದ ದೃಢೀಕರಣ ಇಟ್ಟುಕೊಂಡವರಿಗೆ ಒಮ್ಮೆ ಮಾತ್ರ ಬಳಸುವ ಕೆಲವು ಬ್ಯಾಕಪ್ ಸಂಕೇತಗಳನ್ನು ಅನೇಕ ಸೇವೆಗಳು ಕೊಡುತ್ತವೆ. ಅವನ್ನು ಕಾಗದದ ಮೇಲೆ ಬರೆದಿಡಿ. ಮೊಬೈಲಿನಲ್ಲಿ ಫೋಟೋ ತೆಗೆದಿಡುವ ಜಾಣತನ ಬೇಡ, ನಾನು ಅದನ್ನೇ ಮಾಡಿದ್ದೆ.

ಉಚಿತ ಎಂಬ ಮಾತಿಗೂ ಅವಧಿಯಿರುತ್ತದೆ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ರಿಂದ ನಿಂತಿತು. ಈಗ ಚಿತ್ರಗಳೆಲ್ಲ ಮಿಂಚಂಚೆಯ ಜೊತೆ ಒಂದೇ ಪಾಲಿನಲ್ಲಿ ಜಾಗ ಹಂಚಿಕೊಳ್ಳುತ್ತವೆ. ಆ ಪಾಲು ತುಂಬಿದರೆ ಮಿಂಚಂಚೆಯೂ ನಿಲ್ಲುತ್ತದೆ. ಬರಹವಷ್ಟೇ ಆದರೆ ಯಾವ ಉಚಿತ ಪಾಲಿನಲ್ಲೂ ಹಿಡಿಯುತ್ತದೆ. ಚಿತ್ರಗಳಿದ್ದರೆ ತಿಂಗಳ ಬಾಡಿಗೆ ಶುರು.

ನಿಮ್ಮ ನಂತರದ ಮಾತು ಬಂದರೆ ಕ್ಲೌಡ್ ಸೇವೆಗಳು ಈಚೆಗೆ ಸ್ವಲ್ಪ ಬುದ್ಧಿ ಕಲಿತಿವೆ. ಗೂಗಲ್‌ನಲ್ಲಿ 2013ರಿಂದ ನಿಷ್ಕ್ರಿಯ ಖಾತೆಯ ವ್ಯವಸ್ಥೆಯೊಂದಿದೆ. ಮೂರರಿಂದ ಹದಿನೆಂಟು ತಿಂಗಳವರೆಗಿನ ಒಂದು ಅವಧಿ ಗೊತ್ತುಮಾಡಿದರೆ, ಅಷ್ಟು ಕಾಲ ನಿಮ್ಮ ಸುಳಿವಿಲ್ಲದಾಗ ನೀವು ಹೆಸರಿಸಿದವರಿಗೆ ದತ್ತಾಂಶ ಸಿಗುತ್ತದೆ. ಹತ್ತು ಜನರವರೆಗೂ ಹೆಸರಿಸಬಹುದು. ಆಪಲ್ ಕೂಡ 2021ರ ಕೊನೆಗೆ ಅಂಥದ್ದೇ ವಾರಸುದಾರ ಸಂಪರ್ಕದ ಏರ್ಪಾಡು ತಂದಿತು. ಹತ್ತು ನಿಮಿಷದ ಕೆಲಸ. ಮಾಡಿಕೊಂಡವರನ್ನು ನಾನು ಕಂಡದ್ದು ಇಬ್ಬರನ್ನು ಮಾತ್ರ.

ಹಾರ್ಡ್ ಡಿಸ್ಕ್

ಚಿತ್ರ, ವಿಡಿಯೊ ರಾಶಿ ಬಿದ್ದಿರುವವರಿಗೆ ಒಮ್ಮೆ ಕೊಟ್ಟು ಮುಗಿಸುವ ಖರ್ಚಿನಲ್ಲಿ ಹಾರ್ಡ್ ಡಿಸ್ಕಿನಷ್ಟು ಜಾಗ ಕೊಡುವುದು ಬೇರೊಂದಿಲ್ಲ. ಅದರ ಇನ್ನೊಂದು ಗುಣ ನನಗೆ ಇಷ್ಟ: ಬಹಳ ಸಲ ಅದು ಹೇಳಿ ಕೆಡುತ್ತದೆ. ಟಿಕ್ ಟಿಕ್ ಎನ್ನುತ್ತದೆ, ನಿಧಾನವಾಗುತ್ತದೆ, ಒಂದೆರಡು ಕಡತ ತೆರೆಯಲು ತಡವರಿಸುತ್ತದೆ. ಆ ಸದ್ದು ಕೇಳಿದ ಕೂಡಲೇ ಮುಖ್ಯವಾದದ್ದನ್ನು ಮೊದಲು ನಕಲು ಮಾಡಿಕೊಳ್ಳಬೇಕು. ಅದರ ಮೇಲೆ ದುರಸ್ತಿ ತಂತ್ರಾಂಶ ಓಡಿಸುತ್ತ ಕೂರಬಾರದು. ನಾನು ಕೂತಿದ್ದೆ. ಮೂರನೆಯ ದಿನ ಅದು ಮೌನವಾಯಿತು. ಕಳೆದದ್ದರಲ್ಲಿ ಮೂರರಲ್ಲೆರಡು ಪಾಲು ಮರಳಿ ಸಿಕ್ಕಿದ್ದು ಅಕ್ಕನಿಗೆ ಓದಲು ಕಳಿಸುತ್ತಿದ್ದ ಮಿಂಚಂಚೆಗಳಿಂದ. ಅವಳು ಯಾವುದನ್ನೂ ಅಳಿಸುವವಳಲ್ಲ. ಎಲ್ಲವನ್ನೂ ಓದಿದ್ದಳೋ ಇಲ್ಲವೋ ನಾನು ಕೇಳಲಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಜಾಹೀರಾತಿನಲ್ಲಿರುವ ವೇಗವಲ್ಲ. ಕಿಸೆಯ ಗಾತ್ರದ ಎಷ್ಟೋ ಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಒಳಗಿನ ಹಲಗೆಗೇ ಬೆಸೆದಿರುತ್ತಾರೆ. ಕಿಂಡಿ ಮುರಿದರೆ ಒಳಗಿನದನ್ನು ಕಳಚಿ ಬೇರೆ ಡಬ್ಬಿಗೆ ಹಾಕಿ ಓದುವುದು ಸಾಧ್ಯವಾಗುವುದಿಲ್ಲ. ಕೆಲವು ಡಬ್ಬಿಗಳು ದತ್ತಾಂಶವನ್ನು ತಾವೇ ಗೂಢಲಿಪೀಕರಿಸಿ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಮಾಡಿ, ಬರೆಯುತ್ತವೆ. ಡಬ್ಬಿ ಸತ್ತರೆ ಡಿಸ್ಕ್ ಬದುಕಿದ್ದೂ ಓದಲಾಗದು. ಮೇಜಿನ ಮೇಲಿಡುವ ದೊಡ್ಡ ಡಿಸ್ಕನ್ನು ಬೇರೆ ಡಬ್ಬಿಯಲ್ಲಿ ಹಾಕಿಕೊಳ್ಳುವುದು ಒಯ್ಯಲು ತ್ರಾಸಾದರೂ ದುರಸ್ತಿಗೆ ಸಲೀಸು. ಮನೆಯಲ್ಲೇ ಇಡುವ ವಸ್ತುವಿಗೆ ಒಯ್ಯುವ ಸೌಕರ್ಯ ಏತಕ್ಕೆ? ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಬರೆಯಬೇಕಾದರೆ ಎಕ್ಸ್‌ಫ್ಯಾಟ್ ರೂಪದಲ್ಲಿ ಫಾರ್ಮ್ಯಾಟ್ ಮಾಡಿ. ವಿಂಡೋಸಿನದೇ ರೂಪವಾದ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ತಾನಾಗಿ ಅದರಲ್ಲಿ ಬರೆಯುವುದಿಲ್ಲ.

ಬೀರುವಿನೊಳಗೆ ಇಟ್ಟು ಮರೆತರೆ ಇದರ ಒಳಗಿನ ಯಂತ್ರಭಾಗಗಳು ಜಡ್ಡುಗಟ್ಟಬಹುದು. ವರ್ಷಕ್ಕೆ ಒಂದೆರಡು ಸಲ ಓಡಿಸಿ, ಒಂದೆರಡು ಕಡತ ತೆರೆದು ನೋಡಿ. ಐದಾರು ವರ್ಷವಾದ ಮೇಲೆ ಸದ್ದಿಲ್ಲದಿದ್ದರೂ ಹೊಸದಕ್ಕೆ ಪ್ರತಿ ಮಾಡಿಕೊಳ್ಳುವುದು ಜಾಣತನ. ತಾಳೆಗರಿ ಎಂದೆನಲ್ಲ, ಅದು ಇದೇ.

ಪೆನ್ ಡ್ರೈವ್, ಮೆಮೊರಿ ಕಾರ್ಡ್, ತಿರುಗುವ ಭಾಗಗಳಿಲ್ಲದ ಡಿಸ್ಕಾದ ಎಸ್ಎಸ್‌ಡಿ ಇವು ಹೇಳದೆ ಕೆಡುವ ಜಾತಿ. ಇವುಗಳಲ್ಲಿ ದತ್ತಾಂಶವೆಂದರೆ ಸಣ್ಣ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶ. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅದು ಸೋರುತ್ತದೆ, ಬಿಸಿಲಿನ ಶಾಖದಲ್ಲಿ ಬೇಗ ಸೋರುತ್ತದೆ. ಬರೆಯುವ ಆಯುಸ್ಸು ಮುಗಿಸಿದ ಸಾಮಾನ್ಯ ಎಸ್ಎಸ್‌ಡಿ 30 ಡಿಗ್ರಿಯಲ್ಲಿ ವಿದ್ಯುತ್ತಿಲ್ಲದೆ ಒಂದು ವರ್ಷ ದತ್ತಾಂಶ ಉಳಿಸಿಕೊಳ್ಳಬೇಕು ಎಂಬುದಷ್ಟೇ ಇಂಥ ಬಿಡಿಭಾಗಗಳಿಗೆ ಮಾನಕ ರೂಪಿಸುವ ಜೆಡೆಕ್ ಸಂಸ್ಥೆಯ ಅಪೇಕ್ಷೆ. ಹೊಸದು ಇದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಆದರೂ ಹತ್ತು ವರ್ಷ ಪೆಟ್ಟಿಗೆಯಲ್ಲಿ ಇಡುವ ವಸ್ತು ಇದಲ್ಲ. ದಿನವೂ ಬಳಸುವ ಯಂತ್ರದೊಳಗೆ ಎಸ್ಎಸ್‌ಡಿ ಬಲು ಚೆನ್ನ. ಬಿದ್ದರೂ ಪೆಟ್ಟಾಗುವುದು ಕಡಿಮೆ. ಪೆನ್ ಡ್ರೈವ್ ಇರುವುದು ಇಲ್ಲಿಂದ ಅಲ್ಲಿಗೆ ಒಯ್ಯಲು. ನಂಬಲಾಗದಷ್ಟು ಅಗ್ಗಕ್ಕೆ ಸಿಗುವ ಭಾರಿ ಗಾತ್ರದ ಡ್ರೈವುಗಳಲ್ಲಿ ಸುಳ್ಳು ಗಾತ್ರ ತೋರಿಸುವವೂ ಇವೆ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಬರೆದಂತೆ.

ಸಿಡಿ, ಡಿವಿಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯಲ್ಲಿ ಬರೆಯುವ ಸಾಮಾನ್ಯ ತಟ್ಟೆಯ ಬಣ್ಣದ ಪದರ ಕಾಲಕ್ರಮೇಣ ಮಾಸುತ್ತದೆ. ಎಂ-ಡಿಸ್ಕ್ ಎಂಬ ಬಗೆಯಲ್ಲಿ ಬಣ್ಣದ ಬದಲು ನಿರವಯವ ಪದರವಿದೆ. ಸಾವಿರ ವರ್ಷ ಬಾಳುತ್ತದೆ ಎಂಬುದು ತಯಾರಕರ ಮಾತು. ಬಾಳಲಿ. ಅದನ್ನು ಓದುವ ಡ್ರೈವೇ ಈಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಕಾಣುವುದು ಅಪರೂಪ. ಒಮ್ಮೆ ಬರೆದದ್ದನ್ನು ಅಳಿಸಲಾಗದು ಎಂಬ ಗುಣದಿಂದ ವೈರಸ್ಸಿಗೂ ಕೈತಪ್ಪಿಗೂ ಅದು ಜಗ್ಗುವುದಿಲ್ಲ ಎನ್ನುವುದು ನಿಜ. ಡ್ರೈವನ್ನೂ ಜೊತೆಗೇ ಇಟ್ಟುಕೊಳ್ಳುವ ಹಟವಿದ್ದವರು ಪ್ರಯತ್ನಿಸಬಹುದು.

ಕಾಗದ

ಕಾಗದದ ಪಕ್ಷಪಾತ ನನಗಿದೆ, ಮೊದಲೇ ಹೇಳಿಬಿಡುತ್ತೇನೆ. ಗುಪ್ತಪದವಿಲ್ಲ, ಚಾರ್ಜರ್ ಬೇಡ, ತೆರೆಯಲು ಯಾವ ತಂತ್ರಾಂಶವೂ ಬೇಡ. ಕಪಾಟಿನಲ್ಲಿ ಕಂಡವರು ಕೈಗೆತ್ತಿಕೊಳ್ಳುತ್ತಾರೆ. ಹಾರ್ಡ್ ಡಿಸ್ಕನ್ನು ಹಾಗೆ ಯಾರೂ ಕುತೂಹಲದಿಂದ ತಿರುವಿಹಾಕುವುದಿಲ್ಲ. ಮನೆಯವರು ಓದಲಿ ಎಂಬುದೇ ಆಸೆಯಾದರೆ ಚರ್ಚೆಯೇ ಬೇಡ, ಮುದ್ರಿಸಿ.

ಎಲ್ಲವನ್ನೂ ಮುದ್ರಿಸಲು ಹೋದರೆ ಮಾತ್ರ ಬಜೆಟ್ಟು ಮುರಿಯುತ್ತದೆ. ನಾಲ್ಕು ಲಕ್ಷ ಪದ ಎಂದರೆ ಎ4 ಹಾಳೆಯ ಸಾವಿರದ ಐನೂರು ಪುಟಗಳಾಗಬಹುದು. ಇಲ್ಲಿ ಒಳ್ಳೆಯದೇನೆಂದರೆ ಆರಿಸಲೇಬೇಕಾಗುತ್ತದೆ. ಎಂಟುನೂರರಲ್ಲಿ ನಾನು ತೊಂಬತ್ತನ್ನು ಆರಿಸಿದೆ. ಉಳಿದವನ್ನು ಬಿಟ್ಟದ್ದಕ್ಕೆ ಈವರೆಗೆ ಬೇಸರವಾಗಿಲ್ಲ. ಆ ಕಾಲದ ಮೊಬೈಲುಗಳ ವಿಮರ್ಶೆಯೇ ನಲವತ್ತಿದ್ದವು!

ಬಾಳಿಕೆ ಬೇಕಾದರೆ ಆಮ್ಲರಹಿತ ಕಾಗದ ಕೇಳಿ ಪಡೆಯಿರಿ. ಪತ್ರಿಕೆಯ ಕಾಗದದಂತೆ ಅದು ಹಳದಿಯಾಗಿ ಪುಡಿಯಾಗುವುದಿಲ್ಲ. ಇಂಕ್‌ಜೆಟ್‌ನ ಸಾಮಾನ್ಯ ಬಣ್ಣದ ಶಾಯಿ ತೇವಕ್ಕೆ ಹರಡುತ್ತದೆ, ಬೆಳಕಿಗೆ ಮಾಸುತ್ತದೆ. ಲೇಸರ್ ಮುದ್ರಣದ ಟೋನರ್ ಕಾಗದಕ್ಕೆ ಕರಗಿ ಅಂಟಿದ ಪುಡಿ, ನೀರಿಗೆ ಹೆದರುವುದಿಲ್ಲ. ಆದರೆ ಪಿವಿಸಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಕಿದರೆ ಅದಕ್ಕೆ ಅಂಟಿಕೊಂಡು ಕಿತ್ತುಬರುತ್ತದೆ, ಹಾಗೆ ಇಡಬೇಡಿ. ಕಳೆದುಕೊಳ್ಳುವುದೂ ಇದೆ: ಹುಡುಕುವ ಸೌಕರ್ಯ, ಕೊಂಡಿಗಳು, ಚಿತ್ರದ ಬಣ್ಣ. ಯಾವತ್ತಾದರೂ ಮತ್ತೆ ಪಠ್ಯ ಬೇಕಾದರೆ ಕನ್ನಡವನ್ನೂ ಗುರುತಿಸುವ ಅಕ್ಷರಗ್ರಾಹಿ ತಂತ್ರಾಂಶಗಳಿವೆ. ತಿದ್ದುಪಡಿ ಸಾಕಷ್ಟು ಬೇಕಾಗುತ್ತದೆ, ಆದರೆ ದಾರಿ ಮುಚ್ಚಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಾಚೆ ಎಂಬ ಹಳೆಯ ಸೂತ್ರವೊಂದಿದೆ. ಸರಿಯಾದದ್ದೇ. ಆದರೆ ಮೂರನ್ನೂ ನೋಡಿಕೊಳ್ಳುವವರು ವಿರಳ. ಹಾಗಾಗಿ ನಿಮ್ಮ ಸ್ವಭಾವದ ಕಡೆಯಿಂದ ಹೊರಡಿ.

ಮರೆವು ಹೆಚ್ಚು, ಖರ್ಚು ಮಾಡುವ ಮನಸ್ಸಿಲ್ಲ, ಇರುವುದು ಬಹುಪಾಲು ಬರಹ ಎನ್ನುವವರು ಪಠ್ಯವನ್ನೆಲ್ಲ ಒಂದು ಕಡತಕೋಶಕ್ಕೆ ತಂದು ಎರಡು ಬೇರೆ ಬೇರೆ ಕಂಪನಿಗಳ ಉಚಿತ ಕ್ಲೌಡಿನಲ್ಲಿ ಇಡಲಿ. ಮಿಂಚಂಚೆಯಲ್ಲಿ ನಂಬಿಕಸ್ಥರಿಬ್ಬರಿಗೆ ಕಳಿಸಲಿ. ಹತ್ತು ಎಂಬಿಗೆ ಯಾರೂ ಬೇಡ ಎನ್ನುವುದಿಲ್ಲ. ಆಯ್ದ ಐವತ್ತು ಪುಟ ಮುದ್ರಿಸಿಕೊಂಡರೆ ಮುಗಿಯಿತು. ಹಾರ್ಡ್ ಡಿಸ್ಕ್ ಇವರಿಗೆ ಬೇಡ. ಮರೆಯುವವರ ಕೈಯಲ್ಲಿ ಅದು ಕಲ್ಲಿನ ತುಂಡು.

ಚಿತ್ರಗಳೇ ಜೀವಾಳ ಎನ್ನುವವರಿಗೆ ಒಂದೇ ದೊಡ್ಡ ಡಿಸ್ಕಿಗಿಂತ ಎರಡು ಮಧ್ಯಮ ಗಾತ್ರದ ಡಿಸ್ಕ್ ವಾಸಿ. ಎರಡನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಳ್ಳಬೇಡಿ. ಒಂದೇ ಕಂತಿನಲ್ಲಿ ತಯಾರಾದವುಗಳಿಗೆ ಒಂದೇ ರೋಗ ಇರಬಹುದು. ಒಂದು ನಿಮ್ಮಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ. ತಿಂಗಳ ಬಾಡಿಗೆ ಭಾರವಲ್ಲ ಎಂದಾದರೆ ಎರಡನೆಯ ಡಿಸ್ಕಿನ ಬದಲು ಕ್ಲೌಡ್ ಇಟ್ಟುಕೊಳ್ಳಿ. ಆಗ ನಿಮ್ಮ ಕೆಲಸ ಡಿಸ್ಕ್ ಓಡಿಸುವುದಲ್ಲ, ಬೀಗದ ಕೈಗಳನ್ನು ಕಾಯುವುದು.

ಓದುಗರನ್ನು ಬಿಡಲಾರದವರಿಗೆ ಸ್ವಂತ ಹೆಸರು, ಸಾದಾ ಪುಟ, ಆರ್ಕೈವಿನಲ್ಲೊಂದು ನಕಲು. ಹೆಸರಿನ ನವೀಕರಣವನ್ನು ಸಾಧ್ಯವಾದಷ್ಟು ವರ್ಷಕ್ಕೆ ಮುಂಗಡವಾಗಿ ಕಟ್ಟಿಬಿಡಿ. ಹಲವು ಹೆಸರುಗಳಿಗೆ ಹತ್ತು ವರ್ಷದವರೆಗೂ ಅವಕಾಶವಿದೆ. ಯಾರಿಗೂ ಕಾಣದಂತೆ ಇಡಬೇಕಾದ ದಿನಚರಿಯಂಥದ್ದಿದ್ದರೆ ಗೂಢಲಿಪೀಕರಿಸುವ ಮೊದಲು ಎರಡು ಸಲ ಯೋಚಿಸಿ. ಬೀಗ ಗಟ್ಟಿಯಾದಷ್ಟೂ ನಿಮ್ಮನ್ನೇ ಹೊರಗಿಡುವ ಸಂಭವ ಹೆಚ್ಚು.

ಯಾವುದನ್ನು ಆರಿಸಿದರೂ ಮೂಲವನ್ನು ಅಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮದಲ್ಲದ ಯಂತ್ರವೊಂದರಲ್ಲಿ, ನಿಮ್ಮ ಫಾಂಟು, ನಿಮ್ಮ ತಂತ್ರಾಂಶ, ನಿಮ್ಮ ಲಾಗಿನ್ ಯಾವುದೂ ಇಲ್ಲದ ಕಡೆ, ಹಳೆಯದೊಂದು ಮತ್ತು ಹೊಸದೊಂದು ಬರಹವನ್ನು ತೆರೆದು ಓದಿ. ಎರಡೂ ಅಚ್ಚುಕಟ್ಟಾಗಿ ತೆರೆದರೆ ಮಾತ್ರ ಅದು ಪ್ರತಿ.

ನನ್ನ ಪಠ್ಯ ಈಗ ನಾಲ್ಕು ಕಡೆ ಇದೆ. ಆರು ಸಾವಿರ ಚಿತ್ರಗಳಲ್ಲಿ ನಾನೂರನ್ನು ಉಳಿಸಿಕೊಂಡು ಒಂದು ಡಿಸ್ಕಿನಲ್ಲೂ ಕ್ಲೌಡಿನಲ್ಲೂ ಇಟ್ಟಿದ್ದೇನೆ. ತೊಂಬತ್ತು ಬರಹಗಳ ಹೊತ್ತಗೆಯೊಂದು ಅಕ್ಕನ ಮನೆಯಲ್ಲಿದೆ. ತೀರ್ಮಾನಿಸದೆ ಉಳಿದಿರುವುದು ತಾಣದ ಹೆಸರೊಂದೇ. ನವೀಕರಿಸಿ ಎಂಬ ನೆನಪೋಲೆ ನಿನ್ನೆಯೂ ಬಂದಿತ್ತು. ಇನ್ನೂ ಇಪ್ಪತ್ತೆರಡು ದಿನಗಳಿವೆ.